ಮಳೆ ಬಂದಾಗ ಅಂಗಡಿ ಬೀದಿಯ ಜನ ಎಲ್ಲಿಗೆ ಹೋಗುತ್ತಾರೆ?

ಅಂಗಡಿ ಬೀದಿಯಲ್ಲಿರುವಾಗ ಮಳೆ ಶುರುವಾದರೆ ಐದು ನಿಮಿಷ ಸುಮ್ನೆ ನಿಂತು ನೋಡಿ. ಮೊದಲ ಹನಿಗಳಿಗೆ ಯಾರೂ ಓಡುವುದಿಲ್ಲ. ತಲೆ ಎತ್ತಿ ಮೋಡ ನೋಡುತ್ತಾರೆ, ಅಷ್ಟೆ. ಹನಿ ದಪ್ಪವಾದ ಮೇಲೆ ಜನ ಎರಡು ಪಾಲಾಗುತ್ತಾರೆ. ಕೆಲಸಕ್ಕೆ ಹೊರಟವರು, ಬಸ್ಸು ಹಿಡಿಯಬೇಕಾದವರು ಹೆಜ್ಜೆ ಬೀಸಾಗಿ ಹಾಕುತ್ತಾರೆ. ಅಡ್ಡಾಡಲು ಬಂದವರು ಹತ್ತಿರದ ಸೂರಿನ ಕೆಳಗೆ ಸೇರಿಕೊಳ್ಳುತ್ತಾರೆ. ಆ ಸೂರು ಯಾವುದೋ ಅಂಗಡಿಯದು. ಎಂಟು ಹತ್ತು ಜನ ಬಾಗಿಲಿಗೆ ಬೆನ್ನು ಮಾಡಿ ನಿಂತಿರುತ್ತಾರೆ. ಅವರಲ್ಲಿ ಒಬ್ಬರು ನಿಂತು ನಿಂತು ಬೇಜಾರಾಗಿ ಹಿಂದಕ್ಕೆ ತಿರುಗುತ್ತಾರೆ. ಗಾಜಿನ ಹಿಂದೆ ಇಟ್ಟ ಒಂದು ಚೀಲ ಕಣ್ಣಿಗೆ ಬೀಳುತ್ತದೆ. ಒಳಗೆ ಹೋಗಿ ಬೆಲೆ ಕೇಳುತ್ತಾರೆ. ಅದೇ ಹೊತ್ತಿಗೆ, ಆ ಅಂಗಡಿಗೆ ಅಂತಲೇ ಬಂದ ಇನ್ನೊಬ್ಬರು ಬಾಗಿಲಲ್ಲಿ ನಿಂತ ಗುಂಪು ನೋಡಿ ಹಾಗೇ ಮುಂದೆ ಹೋಗಿಬಿಡುತ್ತಾರೆ.

ಈ ಮಳೆಯಿಂದ ಆ ಅಂಗಡಿಗೆ ಲಾಭವಾಯಿತೋ ನಷ್ಟವೋ? ‘ಮಳೆ ಬಂದರೆ ವ್ಯಾಪಾರ ಇಲ್ಲ’ ಅಂತ ಒಂದೇ ಮಾತಲ್ಲಿ ಹೇಳಿ ಮುಗಿಸುವವರು ಬಹಳ ಜನ. ಆದರೆ ಆ ಮಾತು ಅರ್ಧ ಮಾತ್ರ ನಿಜ. ಹವಾಮಾನ ಜನರನ್ನು ಇಲ್ಲವಾಗಿಸುವುದು ಕಡಿಮೆ, ಜರುಗಿಸುವುದೇ ಜಾಸ್ತಿ. ಮಧ್ಯಾಹ್ನದಿಂದ ಸಂಜೆಗೆ, ಶನಿವಾರದಿಂದ ಭಾನುವಾರಕ್ಕೆ, ಬಯಲಿನಿಂದ ಸೂರಿನ ಕೆಳಗೆ, ಬೀದಿಯಿಂದ ಫೋನಿನ ಪರದೆಗೆ. ಹೀಗೆ ಜರುಗಲು ಎಲ್ಲೆಲ್ಲಿ ಜಾಗ ಇದೆ ಅನ್ನುವುದು ಊರಿಂದ ಊರಿಗೆ ಬೇರೆ. ಅದಕ್ಕೇ ಒಂದೇ ಮಳೆ ಒಂದು ಊರಿನ ಬೀದಿಯನ್ನು ಖಾಲಿ ಮಾಡುತ್ತದೆ, ಇನ್ನೊಂದು ಊರಿನ ಬೀದಿಯನ್ನು ತುಂಬಿಸುತ್ತದೆ.

ಎಣಿಸುವುದು ಏನನ್ನು?

ಬೀದಿಯಲ್ಲಿ ಹಾದುಹೋಗುವವರ ಲೆಕ್ಕಕ್ಕೆ ವ್ಯಾಪಾರದವರು ‘ಫುಟ್‌ಫಾಲ್’ ಅನ್ನುತ್ತಾರೆ. ಹಿಂದೆ ಇದನ್ನು ಕೈಯಲ್ಲಿ ಕ್ಲಿಕ್ಕರ್ ಹಿಡಿದು ಎಣಿಸುತ್ತಿದ್ದರು. ಈಗ ಸೆನ್ಸರ್‌ಗಳಿವೆ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರಾಡಳಿತ 2009ರಿಂದ ನಗರದ ನಡುಭಾಗದ ಫುಟ್‌ಪಾತ್‌ಗಳಲ್ಲಿ ಇಂಥ ಸೆನ್ಸರ್ ಇಟ್ಟು ಗಂಟೆ ಗಂಟೆಗೂ ಲೆಕ್ಕ ಹಿಡಿಯುತ್ತಿದೆ. ಆ ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು.

ಸೆನ್ಸರ್ ಇದೆ ಅಂದಮಾತ್ರಕ್ಕೆ ಲೆಕ್ಕ ಪಕ್ಕಾ ಅಂತಲ್ಲ. ಹವಾಮಾನ ಜನರ ಜೊತೆಗೆ ಎಣಿಸುವ ಯಂತ್ರವನ್ನೂ ಮುಟ್ಟುತ್ತದೆ. ಮೇಲಿನಿಂದ ನೋಡುವ ಕ್ಯಾಮೆರಾಗೆ ಕಾಣುವುದು ತಲೆ, ಭುಜ. ಮಳೆಯಲ್ಲಿ ಅದರ ಬದಲು ಕೊಡೆ ಕಾಣುತ್ತದೆ. ಒಂದೇ ಕೊಡೆಯಡಿ ತಾಯಿ, ಮಗು ಇಬ್ಬರೂ ಇದ್ದರೆ ಲೆಕ್ಕ ತಪ್ಪುವ ಸಾಧ್ಯತೆ ಹೆಚ್ಚು. ಮೈಶಾಖ ಹಿಡಿಯುವ ಸೆನ್ಸರ್‌ಗೆ ಬೇಸಿಗೆ ಕಷ್ಟ. ಸುತ್ತಲಿನ ನೆಲ, ಗೋಡೆ ಮೈಯಷ್ಟೇ ಬಿಸಿಯಾದರೆ ಮನುಷ್ಯರನ್ನು ಬೇರೆ ಮಾಡಿ ಗುರುತಿಸುವುದು ಅದಕ್ಕೆ ಸುಲಭವಲ್ಲ.

ಇದಕ್ಕಿಂತ ಮುಖ್ಯವಾದ ಇನ್ನೊಂದು ತೊಡಕಿದೆ. ಹಾದುಹೋದವರ ಸಂಖ್ಯೆ ಬೇರೆ, ಬೀದಿಯಲ್ಲಿ ಒಂದು ಹೊತ್ತಿಗೆ ಇರುವವರ ಸಂಖ್ಯೆ ಬೇರೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸ್ಟ್ರೋಯೆಟ್ ಅನ್ನುವ ಅಂಗಡಿ ಬೀದಿ ಇದೆ. 1962ರಲ್ಲಿ ಅಲ್ಲಿ ಕಾರುಗಳ ಓಡಾಟ ನಿಲ್ಲಿಸಿ ಬೀದಿಯನ್ನು ನಡೆಯುವವರಿಗೇ ಬಿಟ್ಟುಕೊಟ್ಟರು. ವಾಸ್ತುಶಿಲ್ಪಿ ಯಾನ್ ಗೇಲ್ ಆ ಬೀದಿಯ ಜನರನ್ನು ವರ್ಷಗಟ್ಟಲೆ ಕೂತು ಗಮನಿಸಿದವರು. ಬೇಸಿಗೆಯ ಒಳ್ಳೆಯ ದಿನಕ್ಕಿಂತ ಚಳಿಗಾಲದ ದಿನ ಜನ ಅಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚು ವೇಗವಾಗಿ ನಡೆಯುತ್ತಾರೆ ಅಂತ ಅವರು ಕಂಡುಕೊಂಡರು.

ಇದರ ಅರ್ಥ ಏನು ಅಂತ ಒಂದು ಸಣ್ಣ ಲೆಕ್ಕ ಹಾಕೋಣ. ಒಂದು ಬೀದಿಗೆ ನಿಮಿಷಕ್ಕೆ 100 ಜನ ಬರುತ್ತಾರೆ, ಒಬ್ಬೊಬ್ಬರೂ ಅಲ್ಲಿ 20 ನಿಮಿಷ ಕಳೆಯುತ್ತಾರೆ ಅಂತಿಟ್ಟುಕೊಳ್ಳಿ. ಯಾವ ಹೊತ್ತಿಗೆ ನೋಡಿದರೂ ಬೀದಿಯಲ್ಲಿ 2,000 ಜನ ಇರುತ್ತಾರೆ. ಚಳಿಗೆ ಜನ ಬಿರಬಿರನೆ ನಡೆದು 15 ನಿಮಿಷಕ್ಕೇ ಬೀದಿ ದಾಟಿದರು ಅನ್ನಿ. ಈಗ ಬೀದಿಯಲ್ಲಿರುವವರು 1,500. ಸೆನ್ಸರ್ ಮಾತ್ರ ಮೊದಲಿನ ಹಾಗೇ ನಿಮಿಷಕ್ಕೆ 100 ಅಂತಲೇ ತೋರಿಸುತ್ತದೆ. ಅಂಗಡಿಯವರು ‘ಇವತ್ತು ಯಾಕೋ ಜನ ಇಲ್ಲ’ ಅನ್ನುತ್ತಾರೆ, ಯಂತ್ರ ‘ಅಷ್ಟೇ ಜನ ಬಂದಿದ್ದಾರೆ’ ಅನ್ನುತ್ತದೆ. ಇಬ್ಬರೂ ಹೇಳುತ್ತಿರುವುದು ನಿಜ. ಗಾಜಿನೊಳಗಿನ ಸಾಮಾನು ನೋಡಿ ನಿಲ್ಲುವ ಆ ಐದು ನಿಮಿಷ ಮಾತ್ರ ಚಳಿಗೆ ಹೋಯಿತು. ಕೊಳ್ಳುವ ಮನಸ್ಸು ಹುಟ್ಟುವುದು ಬಹಳ ಸಲ ಆ ಐದು ನಿಮಿಷದಲ್ಲೇ ಅಲ್ವಾ?

ವಾಡಿಕೆಯೇ ಅಳತೆ

ಸೆಕೆ, ಚಳಿ, ಮಳೆ ಇವುಗಳಿಗೆ ಎಲ್ಲ ಕಡೆ ಒಂದೇ ಅಳತೆ ಹಿಡಿದರೆ ಕೆಲಸ ಕೆಡುತ್ತದೆ. ಜನ ಅಳೆಯುವುದು ತಮ್ಮ ಊರಿನ ವಾಡಿಕೆಯಲ್ಲಿ. ಜಪಾನಿನ ಸಪ್ಪೊರೊ ನಗರದಲ್ಲಿ ಒಂದು ಚಳಿಗಾಲಕ್ಕೆ ಒಟ್ಟು ಸುಮಾರು 5 ಮೀಟರ್ ಹಿಮ ಬೀಳುತ್ತದೆ. ಅಲ್ಲಿನವರ ಬೂಟು, ಕೋಟು, ಹಿಮ ಎತ್ತುವ ಯಂತ್ರ ಎಲ್ಲವೂ ಅದಕ್ಕೆ ತಯಾರಾಗಿಯೇ ಇರುತ್ತವೆ. ಬೆಳಿಗ್ಗೆ ಎದ್ದಾಗ ಗೇಣುದ್ದ ಹಿಮ ಬಿದ್ದಿದ್ದರೆ ಅದು ಮಾಮೂಲಿ ದಿನ. ಲಂಡನ್ನಿನಲ್ಲಿ ಅಷ್ಟೇ ಹಿಮ ಬಿದ್ದರೆ ಕಥೆ ಬೇರೆ. 2009ರ ಫೆಬ್ರವರಿ 2ರಂದು ಹಿಮ ಸುರಿದಾಗ ಇಡೀ ಲಂಡನ್ನಿನ ಬಸ್ಸುಗಳೇ ನಿಂತುಹೋಗಿದ್ದವು. ಬಸ್ಸಿಲ್ಲದ ಮೇಲೆ ಅಂಗಡಿ ಬೀದಿಗೆ ಜನ ಬರುವುದಾದರೂ ಹೇಗೆ?

ಇದನ್ನು ಗಮನಿಸಬೇಕು. ಹವಾಮಾನ ಎಷ್ಟೋ ಸಲ ಕೊಳ್ಳುವವರ ಮನಸ್ಸಿನ ಮೂಲಕ ಕೆಲಸ ಮಾಡುವುದೇ ಇಲ್ಲ, ಅವರ ಬಸ್ಸು ರೈಲಿನ ಮೂಲಕ ಕೆಲಸ ಮಾಡುತ್ತದೆ.

ಸೆಕೆಯ ವಿಷಯದಲ್ಲಿ ವಾಡಿಕೆಯ ಜೊತೆಗೆ ಮೈಯ ಲೆಕ್ಕವೂ ಸೇರುತ್ತದೆ. ಥರ್ಮಾಮೀಟರ್ ಹೇಳುವುದು ಗಾಳಿಯ ಬಿಸಿಯನ್ನು ಮಾತ್ರ. ಮೈಗೆ ತಟ್ಟುವುದು ಗಾಳಿಯ ಬಿಸಿ, ಬಿಸಿಲು, ತೇವ, ಬೀಸುವ ಗಾಳಿ ನಾಲ್ಕೂ ಸೇರಿ. ಬೆವರು ಆರಿದರೆ ಮೈ ತಂಪಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಬೆವರು ಆರುವುದಿಲ್ಲ, ಅಂಟಿಕೊಂಡೇ ಇರುತ್ತದೆ. ಹಾಗಾಗಿ ಸಿಂಗಪುರದ 32 ಡಿಗ್ರಿಯಲ್ಲಿ ಹತ್ತು ನಿಮಿಷ ನಡೆದವರು ಸುಸ್ತಾಗುತ್ತಾರೆ. ಒಣ ಊರಿನ ಅಷ್ಟೇ ಡಿಗ್ರಿಯಲ್ಲಿ ನೆರಳು ಒಂದಿದ್ದರೆ ಆರಾಮಾಗಿ ನಡೆಯಬಹುದು. ಇನ್ನೊಂದು ಮಾತು: ಸಿಂಗಪುರದಲ್ಲಿ ವರ್ಷವಿಡೀ ಮಧ್ಯಾಹ್ನದ ಬಿಸಿ ಹೆಚ್ಚುಕಡಿಮೆ ಒಂದೇ. ಅಲ್ಲಿನ ಬೀದಿಯ ಜನಸಂಖ್ಯೆ ಏರಿಳಿಯಲು ಬೇಸಿಗೆ, ಚಳಿಗಾಲ ಅನ್ನುವ ಕಾರಣ ಇಲ್ಲ. ಮಧ್ಯಾಹ್ನ ದಿಢೀರನೆ ಸುರಿದು ನಿಲ್ಲುವ ಮಳೆಯದೇ ಕಾರುಬಾರು. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಇದಕ್ಕೆ ಉಲ್ಟಾ. ಡಿಸೆಂಬರಿನಲ್ಲಿ ಹಗಲು 6 ಗಂಟೆಯೂ ಇರುವುದಿಲ್ಲ, ಜೂನಿನಲ್ಲಿ ಸುಮಾರು 19 ಗಂಟೆ ಇರುತ್ತದೆ. ಅಂಥ ಊರಲ್ಲಿ ಚಳಿಯಷ್ಟೇ ಕತ್ತಲೆಯೂ ಜನರನ್ನು ಮನೆಯಲ್ಲಿ ಕೂರಿಸುತ್ತದೆ.

ಒಂದೇ ಬೀದಿಯ ಎರಡು ಬದಿಗಳೂ ಒಂದೇ ಅಲ್ಲ. ಬೀದಿ ಪೂರ್ವ ಪಶ್ಚಿಮವಾಗಿದೆ ಅನ್ನಿ. ಯುರೋಪಿನಂಥ ಉತ್ತರದ ನಾಡುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಹೋಗುತ್ತಾನೆ. ಹಾಗಾಗಿ ಉತ್ತರ ಬದಿಯ ಫುಟ್‌ಪಾತಿಗೆ ಬಿಸಿಲು, ದಕ್ಷಿಣ ಬದಿಗೆ ಕಟ್ಟಡದ ನೆರಳು. ಚಳಿಗಾಲದಲ್ಲಿ ಜನ ಬಿಸಿಲಿನ ಬದಿ ಹಿಡಿಯುತ್ತಾರೆ, ಬಿರುಬೇಸಿಗೆಯಲ್ಲಿ ನೆರಳಿನ ಬದಿ. ಅಂಗಡಿ ಎದುರುಬದುರೇ ಇದ್ದರೂ ಅದೃಷ್ಟ ಬೇರೆ ಬೇರೆ. ಸಮಭಾಜಕದ ಹತ್ತಿರದ ಊರುಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಗೋಡೆ ಎಷ್ಟು ಎತ್ತರ ಇದ್ದರೂ ಅದರ ನೆರಳು ಕಾಲಬುಡದಲ್ಲೇ. ಅಲ್ಲಿ ತಲೆಯ ಮೇಲೆ ಮರವೋ ಚಾವಣಿಯೋ ಬೇಕೇ ಬೇಕು.

ಗಾಳಿಯನ್ನು ಜನ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ತೆಗೆದುಕೊಳ್ಳಬೇಕು. ಗಾಳಿಯ ವೇಗ ಎರಡರಷ್ಟಾದರೆ ಅದು ಮೈಯನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಎತ್ತರದ ಕಟ್ಟಡಕ್ಕೆ ಬಡಿದ ಗಾಳಿ ಕೆಳಕ್ಕೆ ಇಳಿದು ಬೀದಿಯ ಮೂಲೆಯಲ್ಲಿ ರಭಸವಾಗಿ ನುಗ್ಗುತ್ತದೆ. ಬ್ರಿಟನ್ನಿನಲ್ಲಿ ಕಟ್ಟಡ ವಿನ್ಯಾಸಕ್ಕೆ ಬಳಸುವ ಲಾಸನ್ ಅಳತೆಯಲ್ಲಿ, ಕೂರುವ ಜಾಗಕ್ಕೆ ಸೆಕೆಂಡಿಗೆ 4 ಮೀಟರ್‌ ತನಕದ ಗಾಳಿ ಸರಿ, ಅಡ್ಡಾಡುವ ಜಾಗಕ್ಕೆ 8 ಮೀಟರ್ ತನಕ ಸರಿ ಅನ್ನುವಂಥ ಮಿತಿಗಳಿವೆ. ಕೊಡೆ ತಿರುಚಿಕೊಂಡು ಹೋಗುವ ಮೂಲೆಯಲ್ಲಿ ಯಾರೂ ನಿಂತು ಗಾಜಿನೊಳಗೆ ಇಣುಕುವುದಿಲ್ಲ.

ಬರದೇ ಹೋದವರು ಏನಾದರು?

ಈಗ ಮೊದಲ ಪ್ರಶ್ನೆಗೆ ಬರೋಣ. ಒಂದು ಬೀದಿಗೆ ಮಾಮೂಲಿ ಶನಿವಾರ 10,000 ಜನ ಬರುತ್ತಾರೆ, ಭಾನುವಾರವೂ ಅಷ್ಟೇ ಅಂತಿಟ್ಟುಕೊಳ್ಳಿ. ಮಳೆ ಹಿಡಿದ ಶನಿವಾರ 7,000 ಜನ ಬಂದರು. ‘ಮಳೆಯಿಂದ 3,000 ಜನ ಹೋದರು’ ಅಂತ ಬರೆದು ಪುಸ್ತಕ ಮುಚ್ಚಬೇಡಿ. ಮಾರನೇ ದಿನ ಬಿಸಿಲು ಬಂತು, 12,000 ಜನ ಬಂದರು. ಅಂದರೆ 2,000 ಜನ ಒಂದು ದಿನ ಕಾದು ಬಂದಿದ್ದಾರೆ. ನಿಜವಾಗಿ ಕೈತಪ್ಪಿದ್ದು 1,000. ಅದರಲ್ಲೂ ಕೆಲವರು ಶುಕ್ರವಾರವೇ ಹವಾಮಾನ ವರದಿ ನೋಡಿ ಕೆಲಸ ಮುಗಿಸಿಕೊಂಡು ಹೋಗಿರಬಹುದು. ದೊಡ್ಡ ಬಿರುಗಾಳಿ ಬರುತ್ತದೆ ಅಂದಾಗ ಹಿಂದಿನ ದಿನ ದಿನಸಿ ಅಂಗಡಿಗಳಲ್ಲಿ ನೂಕುನುಗ್ಗಲು ಆಗುವುದು ಇದೇ ಕಾರಣಕ್ಕೆ.

ಯಾವ ವ್ಯಾಪಾರ ಕಾಯುತ್ತದೆ, ಯಾವುದು ಕಾಯುವುದಿಲ್ಲ? ಚಪ್ಪಲಿ ಕಿತ್ತುಹೋದವರು ಇವತ್ತಲ್ಲದಿದ್ದರೆ ನಾಳೆ ಬಂದೇ ಬರುತ್ತಾರೆ. ಔಷಧಿ ಬೇಕಾದವರು ಮಳೆಯಲ್ಲೇ ಬರುತ್ತಾರೆ. ಆದರೆ ಅಡ್ಡಾಡುವಾಗ ಕಣ್ಣಿಗೆ ಬಿದ್ದು ಕೊಳ್ಳುವ ವಸ್ತು ಇದೆಯಲ್ಲ, ಅದು ಆ ದಿನ ಹೋಯಿತು ಅಂದರೆ ಹೋಯಿತು. ಮಾರನೇ ದಿನ ಯಾರೂ ‘ನಿನ್ನೆ ನೋಡದೇ ಇದ್ದದ್ದನ್ನು ಕೊಳ್ಳೋಣ’ ಅಂತ ಹೊರಡುವುದಿಲ್ಲ. ಹಾಗಾಗಿ ಒಂದೇ ಮಳೆಗೆ ಪಕ್ಕಪಕ್ಕದ ಎರಡು ಅಂಗಡಿಗಳಿಗೆ ಆಗುವ ಪೆಟ್ಟು ಒಂದೇ ಅಲ್ಲ.

ಇಲ್ಲಿ ನಾಡಿನ ಕಾನೂನೂ ನಡುವೆ ಬರುತ್ತದೆ. ಜರ್ಮನಿಯಲ್ಲಿ ಭಾನುವಾರದ ಬಿಡುವಿಗೆ ಸಂವಿಧಾನದ ರಕ್ಷಣೆಯೇ ಇದೆ. ಕೆಲವು ವಿನಾಯಿತಿ ಬಿಟ್ಟರೆ ಅಂಗಡಿಗಳು ಆ ದಿನ ತೆರೆಯುವುದಿಲ್ಲ. ಅಲ್ಲಿ ಶನಿವಾರ ಮಳೆ ಹಿಡಿದರೆ ಜನ ಭಾನುವಾರಕ್ಕೆ ಜರುಗಲು ದಾರಿಯೇ ಇಲ್ಲ. ಸೋಮವಾರ ಕೆಲಸ. ಆ ಓಡಾಟ ಒಂದೋ ಮುಂದಿನ ವಾರಕ್ಕೆ ಹೋಗುತ್ತದೆ, ಇಲ್ಲಾ ಫೋನಿನಲ್ಲಿ ಆರ್ಡರ್ ಆಗುತ್ತದೆ. ಭಾನುವಾರವೂ ಅಂಗಡಿ ತೆರೆದಿರುವ ದೇಶದಲ್ಲಿ ಅದೇ ಮಳೆ ಅಷ್ಟು ನೋಯಿಸುವುದಿಲ್ಲ. ಎರಡು ದೇಶಗಳ ಶನಿವಾರದ ಅಂಕಿ ಎದುರುಬದುರು ಇಟ್ಟು ‘ಇವರು ಮಳೆಗೆ ಹೆದರುತ್ತಾರೆ, ಅವರು ಹೆದರುವುದಿಲ್ಲ’ ಅನ್ನುವುದು ತಪ್ಪು.

ಮಳೆಯೇ ಜನರನ್ನು ಕರೆತರುವ ಬೀದಿಗಳೂ ಇವೆ. ಕಡಲತೀರದ ಪ್ರವಾಸಿ ಊರನ್ನೇ ನೋಡಿ. ಬಿಸಿಲಿದ್ದರೆ ಎಲ್ಲರೂ ಮರಳಿನ ಮೇಲೆ. ಮೋಡ ಕವಿದು ಹನಿ ಬಿದ್ದರೆ ರೂಮಿನಲ್ಲಿ ಕೂರಲಾರದೆ ಅಂಗಡಿ ಬೀದಿಗೆ ಬರುತ್ತಾರೆ. ರಜೆ ಹಾಕಿ ದೂರದಿಂದ ಬಂದವರಿಗೆ ನಾಳೆಗೆ ಮುಂದೂಡುವ ಅವಕಾಶವೂ ಕಡಿಮೆ. ಕಚೇರಿಗಳ ನಡುವಿನ ಬೀದಿಯಲ್ಲಿ ವಾರದ ದಿನ ಮಳೆಯ ಪರಿಣಾಮ ಕಡಿಮೆ ಕಾಣುತ್ತದೆ, ಯಾಕೆಂದರೆ ಅಲ್ಲಿ ನಡೆಯುವವರು ಕೊಳ್ಳಲು ಬಂದವರಲ್ಲ, ಕೆಲಸಕ್ಕೆ ಬಂದವರು. ಕಾರಿನಲ್ಲೇ ಬರುವ ಊರುಗಳಲ್ಲಿ ನೋಡಬೇಕಾದದ್ದು ಪಾರ್ಕಿಂಗ್ ಜಾಗ. ಕಾರಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆ ನೆನೆಯಬೇಕು ಅನ್ನುವುದರ ಮೇಲೆ ಉಳಿದದ್ದೆಲ್ಲ.

ಬೀದಿ ತುಂಬಿದರೂ ಗಲ್ಲಾ ತುಂಬದ ದಿನಗಳೂ ಇರುತ್ತವೆ. ಚಳಿಗಾಲ ತಡವಾಗಿ ಬಂದ ವರ್ಷ ಯುರೋಪಿನ ಬೀದಿಗಳಲ್ಲಿ ಹಿತವಾದ ಬಿಸಿಲಿಗೆ ಜನ ಓಡಾಡುತ್ತಾರೆ. ಆದರೆ ಅಂಗಡಿಯಲ್ಲಿ ದಪ್ಪ ಕೋಟುಗಳು ಹಾಗೇ ನೇತಾಡುತ್ತಿರುತ್ತವೆ. ಮೈಗೆ ಚಳಿ ಆಗದೆ ಕೋಟು ನೆನಪಾಗುವುದಿಲ್ಲ.

ಅಂಕಿ ಹೇಳುವ ಸುಳ್ಳು

ಲಂಡನ್ನಿನ ಹನ್ನೆರಡು ತಿಂಗಳ ಅಂಕಿ ಹಿಡಿದು, ಒಂದು ಕಡೆ ಚಳಿ, ಇನ್ನೊಂದು ಕಡೆ ಅಂಗಡಿ ಬೀದಿಯ ಜನ ಅಂತ ಬರೆದುಕೊಂಡರೆ ವಿಚಿತ್ರ ಉತ್ತರ ಸಿಗಬಹುದು: ‘ಚಳಿ ಹೆಚ್ಚಿದಷ್ಟೂ ಜನ ಹೆಚ್ಚು.’ ಕಾರಣ ಕ್ರಿಸ್‌ಮಸ್. ಡಿಸೆಂಬರ್ ಅಲ್ಲಿ ಚಳಿಯ ತಿಂಗಳೂ ಹೌದು, ಖರೀದಿಯ ತಿಂಗಳೂ ಹೌದು. ಇದೇ ಲೆಕ್ಕ ಮೆಲ್ಬರ್ನಿನಲ್ಲಿ ಹಾಕಿದರೆ ‘ಸೆಕೆ ಹೆಚ್ಚಿದಷ್ಟೂ ಜನ ಹೆಚ್ಚು’ ಅಂತ ಬಂದೀತು, ಏಕೆಂದರೆ ಅಲ್ಲಿ ಡಿಸೆಂಬರ್ ಬೇಸಿಗೆ. ಹಬ್ಬ ಮಾಡಿದ ಕೆಲಸದ ಹೆಸರು ಹವಾಮಾನಕ್ಕೆ ಹೋಯಿತು. ತಿಂಗಳ ಸರಾಸರಿ ನೋಡಿ ತೀರ್ಮಾನಕ್ಕೆ ಬರುವವರನ್ನು ನಾನು ನಂಬದಿರುವುದು ಇದಕ್ಕೇ.

ತಾರೀಖು ಬದಲಾಗುವ ಹಬ್ಬಗಳು ಇನ್ನೊಂದು ಬಗೆಯ ಮೋಸ ಮಾಡುತ್ತವೆ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವ ಭಾನುವಾರ ಬೇಕಾದರೂ ಬರಬಹುದು. ಈ ವರ್ಷದ ಮಾರ್ಚನ್ನು ಹೋದ ವರ್ಷದ ಮಾರ್ಚಿಗೆ ಹೋಲಿಸಿ ‘ಮಳೆಯಿಂದ ಜನ ಕಡಿಮೆಯಾದರು’ ಅನ್ನುವ ಮೊದಲು ಹಬ್ಬ ಯಾವ ತಿಂಗಳಿಗೆ ಬಿತ್ತು ಅಂತ ನೋಡಬೇಕು. ಹೋಲಿಸುವುದಾದರೆ ಒಂದೇ ಕಾಲದ, ಒಂದೇ ವಾರದ ದಿನದ, ಒಂದೇ ಗಂಟೆಗಳನ್ನು ಹೋಲಿಸಿ. ಈ ಶನಿವಾರ ಮಧ್ಯಾಹ್ನ 3ಕ್ಕೆ ಮಳೆ, ಹೋದ ಶನಿವಾರ 3ಕ್ಕೆ ಒಣ. ಮಳೆಯ ಅಳತೆಯೂ ಬೀದಿಯ ಹತ್ತಿರದ್ದೇ ಆಗಿರಲಿ. ಎಲ್ಲೋ ದೂರದ ವಿಮಾನ ನಿಲ್ದಾಣದಲ್ಲಿ ಮಳೆ ಸುರಿಯುತ್ತಿರುವಾಗ ಬೀದಿಯಲ್ಲಿ ಬಿಸಿಲು ಕಾಯುತ್ತಿರಬಹುದು. ಇಡೀ ದಿನದ ಮಳೆ 20 ಮಿಲಿಮೀಟರ್ ಅಂದರೂ ಏನೂ ತಿಳಿಯುವುದಿಲ್ಲ. ಬೆಳಗಿನ ಜಾವ ಸುರಿದು ನಿಂತದ್ದೋ, ದಿನವಿಡೀ ಜಿನುಗಿದ್ದೋ ಅನ್ನುವುದೇ ಮುಖ್ಯ.

ಸೂರು ಕಟ್ಟಿದ ಊರುಗಳು

ಹವಾಮಾನವನ್ನು ಬದಲಿಸಲಾಗದು, ಬೀದಿಯನ್ನು ಬದಲಿಸಬಹುದು. ಬೇರೆ ಬೇರೆ ನಾಡಿನವರು ಇದನ್ನು ಬೇರೆ ಬೇರೆ ರೀತಿ ಮಾಡಿದ್ದಾರೆ. ಸ್ಪೇನಿನ ಸೆವಿಲ್ಯದಲ್ಲಿ ಬೇಸಿಗೆ ಬಂತೆಂದರೆ ಸಿಯೆರ್ಪೆಸ್ ಅನ್ನುವ ಅಂಗಡಿ ಬೀದಿಯ ಮೇಲೆ ಈ ಸೂರಿನಿಂದ ಆ ಸೂರಿಗೆ ಬಟ್ಟೆಯ ಚಪ್ಪರ ಎಳೆಯುತ್ತಾರೆ. ಜಪಾನಿನ ಒಸಾಕದಲ್ಲಿ ತೆಂಜಿನ್‌ಬಾಶಿಸುಜಿ ಅಂಗಡಿ ಬೀದಿ ಸುಮಾರು 2.6 ಕಿಲೋಮೀಟರ್ ಉದ್ದ. ಅದರ ಬಹುಭಾಗಕ್ಕೆ ಚಾವಣಿ ಇದೆ, ಕೊಡೆ ಇಲ್ಲದೆ ನಡೆಯಬಹುದು. ಅಮೆರಿಕದ ಮಿಷಿಗನ್ ರಾಜ್ಯದ ಹಾಲೆಂಡ್ ಅನ್ನುವ ಸಣ್ಣ ಊರಲ್ಲಿ 1988ರಿಂದ ಫುಟ್‌ಪಾತಿನ ಅಡಿ ಬಿಸಿನೀರಿನ ಕೊಳವೆ ಹರಿಸಿ ಹಿಮ ಕರಗಿಸುತ್ತಾರೆ. ಆ ಬಿಸಿ ಬರುವುದು ವಿದ್ಯುತ್ ಘಟಕದಲ್ಲಿ ವ್ಯರ್ಥವಾಗುತ್ತಿದ್ದ ಶಾಖದಿಂದ.

ಅಮೆರಿಕದ್ದೇ ಮಿನಿಯಾಪೊಲಿಸ್ ನಗರ ಬೇರೆ ದಾರಿ ಹಿಡಿಯಿತು. 1962ರಿಂದ ಅಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ನೆಲದ ಮೇಲಿನ ಮೊದಲ ಮಹಡಿಯಲ್ಲಿ ಗಾಜಿನ ಸೇತುವೆಗಳನ್ನು ಕಟ್ಟುತ್ತಾ ಬಂದರು. ಹೊರಗೆ ಸೊನ್ನೆಗಿಂತ ಎಷ್ಟೇ ಕೆಳಗಿದ್ದರೂ ಒಳಗೆ ಕೋಟಿಲ್ಲದೆ ಓಡಾಡಬಹುದು. ಜನರಿಗೆ ಅನುಕೂಲವೇ. ಆದರೆ ಓಡಾಟ ಮೇಲಕ್ಕೆ ಹೋದ ಮೇಲೆ ನೆಲದ ಮೇಲಿನ ಅಂಗಡಿಗಳು ಸೊರಗಿದವು, ಹವೆ ಚೆನ್ನಾಗಿರುವ ತಿಂಗಳುಗಳಲ್ಲಿ ಕೂಡ. ಕೆನಡಾದ ಟೊರೊಂಟೊದಲ್ಲಿ ಇದೇ ಓಡಾಟ ನೆಲದಡಿಗೆ ಹೋಗಿದೆ. ಅಲ್ಲಿನ ಪಾತ್ ಅನ್ನುವ ಸುರಂಗದಾರಿಗಳ ಒಟ್ಟು ಉದ್ದ ಸುಮಾರು 30 ಕಿಲೋಮೀಟರ್. ಬೀದಿಯ ಸೆನ್ಸರ್ ಮಾತ್ರ ನೋಡಿದರೆ ಚಳಿಗೆ ಊರೇ ಖಾಲಿ ಅನ್ನಿಸುತ್ತದೆ. ಜನ ಇದ್ದಾರೆ, ನೆಲದ ಕೆಳಗೆ.

ನನ್ನ ಮನಸ್ಸು ಇಟಲಿಯ ಬೊಲೊನ್ಯದ ಕಡೆಗೆ. ಅಲ್ಲಿ ಬೀದಿಯ ಅಂಚಿನಲ್ಲೇ ಕಮಾನು ಸಾಲಿನ ಮೊಗಸಾಲೆಗಳಿವೆ. ಒಟ್ಟು 62 ಕಿಲೋಮೀಟರ್. ಯುನೆಸ್ಕೊ 2021ರಲ್ಲಿ ಇವುಗಳಲ್ಲಿ ಆಯ್ದ ಭಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮಳೆಯಲ್ಲೂ ಬಿಸಿಲಲ್ಲೂ ಜನ ಅಂಗಡಿಯ ಬಾಗಿಲ ಮುಂದೆಯೇ ನಡೆಯುತ್ತಾರೆ, ಬೀದಿ ಬಿಟ್ಟು ಹೋಗುವುದಿಲ್ಲ. ಸಿಂಗಪುರದಲ್ಲಿ 1822ರ ನಗರ ಯೋಜನೆಗೆ ಬ್ರಿಟಿಷ್ ಅಧಿಕಾರಿ ಸ್ಟ್ಯಾಂಫರ್ಡ್ ರಾಫಲ್ಸ್ ಇಂಥದ್ದೇ ಒಂದು ನಿಯಮ ಹಾಕಿದ. ಪ್ರತಿ ಕಟ್ಟಡದ ಮುಂದೂ ಜಗುಲಿ ಇರಬೇಕು, ಅದು ಯಾವಾಗಲೂ ತೆರೆದಿರಬೇಕು, ಎಲ್ಲ ಜಗುಲಿಗಳೂ ಸೇರಿ ಬೀದಿಯ ಎರಡೂ ಬದಿ ಒಂದೇ ಸೂರಿನ ದಾರಿಯಾಗಬೇಕು. ಐದಡಿ ದಾರಿ ಅನ್ನುವ ಹೆಸರಿನಲ್ಲಿ ಅವು ಇವತ್ತಿಗೂ ಹಳೆಯ ಬೀದಿಗಳಲ್ಲಿವೆ.

ಆ ನಿಯಮದಲ್ಲಿ ‘ಒಂದೇ ದಾರಿ’ ಅನ್ನುವುದೇ ಜೀವಾಳ. ಸೂರು ಕಟ್ಟುವ ಖರ್ಚು ಒಬ್ಬ ಅಂಗಡಿಯವರದು, ನೆರಳು ಮಾತ್ರ ಇಡೀ ಬೀದಿಗೆ. ತಾವಾಗಿಯೇ ಕಟ್ಟಲಿ ಅಂತ ಬಿಟ್ಟರೆ ಕೆಲವರು ಕಟ್ಟುತ್ತಾರೆ, ಕೆಲವರು ಬಿಡುತ್ತಾರೆ. ನಡುವೆ ಒಂದು ಕಟ್ಟಡದ ಸೂರು ತಪ್ಪಿದ ಜಾಗದಲ್ಲಿ ಜಡಿಮಳೆಯ ಹೊತ್ತು ನಿಂತು ನೋಡಿ. ಕೈಯಲ್ಲಿ ಚೀಲ, ಪಕ್ಕದಲ್ಲಿ ಮಗು ಇರುವವರು ಒಣಗಿದ ಕೊನೆಯ ಕಲ್ಲಿನ ತನಕ ಬರುತ್ತಾರೆ. ಮುಂದಿನ ಸೂರಿಗೆ ಇರುವ ಹತ್ತಡಿಯನ್ನು ನೋಡುತ್ತಾರೆ. ಮಗುವಿನ ಕಾಲ ಮೇಲೆ ಹನಿ ಸಿಡಿಯುತ್ತದೆ. ಒಂದು ಕ್ಷಣ ಯೋಚಿಸಿ, ಬಂದ ದಾರಿಯಲ್ಲೇ ವಾಪಸ್ ಹೊರಡುತ್ತಾರೆ.